ಮೊದಲು ‘ಸ್ಕ್ರಾಂಬಲ್ಡ್ ಎಗ್ಸ್’, ಆಮೇಲೆ ‘ಯೆಸ್ಟರ್‌ಡೇ’: ಒಂದು ಹಾಡು, ಆರು ಇಂಗ್ಲಿಷ್ ಪದ

ಈ ಎಪಿಸೋಡ್‌ನಲ್ಲಿ ಒಂದು ಹಾಡು ಹುಟ್ಟಿದ ಕಥೆ ಹೇಳ್ತೀನಿ. ಕಥೆ ಮುಗಿಯೋ ಹೊತ್ತಿಗೆ ಆರು ಇಂಗ್ಲಿಷ್ ಪದ ನಿಮ್ಮ ಜೊತೆ ಇರುತ್ತೆ. ಪದಗಳ ಪಟ್ಟಿ ಬಾಯಿಪಾಠ ಮಾಡಿದ್ರೆ ವಾರದಲ್ಲಿ ಮರೆತುಹೋಗಬಹುದು. ಅದೇ ಪದ ಯಾರಿಗೆ, ಯಾವ ಪರಿಸ್ಥಿತಿಯಲ್ಲಿ ಬೇಕಾಯ್ತು ಅಂತ ಗೊತ್ತಿದ್ರೆ ತಲೆಯಲ್ಲಿ ಉಳಿಯುತ್ತೆ.

ಹಾಡಿನ ಹೆಸರು ‘ಯೆಸ್ಟರ್‌ಡೇ’. ಬರೆದವರು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ. ಆಗ ಅವರು ಲಂಡನ್ನಿನ ವಿಂಪೋಲ್ ಸ್ಟ್ರೀಟ್‌ನಲ್ಲಿ, ಗೆಳತಿ ಜೇನ್ ಆಷರ್ ಅವರ ಮನೆಯ ಮೇಲಿನ ಪುಟ್ಟ ಕೋಣೆಯಲ್ಲಿ ಇರ್ತಿದ್ರು. ಒಂದು ಬೆಳಿಗ್ಗೆ ಎದ್ದಾಗ ತಲೆಯಲ್ಲಿ ಪೂರ್ತಿ ಒಂದು ಟ್ಯೂನ್. ಕನಸಲ್ಲಿ ಕೇಳಿದ್ದು! ಪಕ್ಕದಲ್ಲೇ ಇದ್ದ ಪಿಯಾನೋದಲ್ಲಿ ಅದನ್ನ ನುಡಿಸಿ ನೋಡಿದ್ರು. ಮೊದಲ ಪದ ಇಲ್ಲೇ ಇದೆ: ಹಮ್. ಮಾತಿಲ್ಲದೆ ಬಾಯಿ ಮುಚ್ಚಿ ರಾಗ ಗುನುಗೋದು. ಸಾಹಿತ್ಯ ಇಲ್ಲದ ಟ್ಯೂನ್ ಅನ್ನು ಹಮ್ ಮಾಡಬಹುದು ಅಷ್ಟೇ.

ಖುಷಿಯ ಜೊತೆಗೇ ಭಯ ಶುರುವಾಯ್ತು. ಇಷ್ಟು ಸುಲಭವಾಗಿ ಬಂದಿದ್ದು ನನ್ನದೇ ಇರಬಹುದಾ? ಅಪ್ಪ ನುಡಿಸ್ತಿದ್ದ ಯಾವುದೋ ಹಳೇ ಟ್ಯೂನ್ ಇರಬಹುದಾ? ವಾರಗಟ್ಟಲೆ ಸಂಗೀತ ಗೊತ್ತಿರೋ ಕಂಡಕಂಡವರಿಗೆಲ್ಲ ಕೇಳಿಸಿ, ‘ಇದು ಯಾರದ್ದು?’ ಅಂತ ವಿಚಾರಿಸಿದ್ರು. ದಾರಿಯಲ್ಲಿ ಸಿಕ್ಕ ವಸ್ತುವನ್ನ ಪೊಲೀಸರಿಗೆ ಒಪ್ಪಿಸಿದ ಹಾಗಿತ್ತು ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ. ಹಾಗೆ ಒಪ್ಪಿಸೋದಕ್ಕೆ ಇಂಗ್ಲಿಷಿನಲ್ಲಿ ಹ್ಯಾಂಡ್ ಇನ್ ಅಂತಾರೆ. ಕಾಲೇಜಿನಲ್ಲಿ ಅಸೈನ್‌ಮೆಂಟ್ ಕೊಡೋದಕ್ಕೂ ಇದೇ ಮಾತು. ‘ಇದು ನನ್ನದು’ ಅಂತ ಹಕ್ಕು ಹೇಳೋದು ಕ್ಲೇಮ್. ಕಾಮರ್ಸ್ ಓದಿದವರಿಗೆ ಇನ್ಶೂರೆನ್ಸ್ ಕ್ಲೇಮ್ ಗೊತ್ತೇ ಇದೆ, ಅದೇ ಪದ. ಈ ಟ್ಯೂನ್ ಅನ್ನು ಯಾರೂ ಕ್ಲೇಮ್ ಮಾಡಲಿಲ್ಲ. ಕೊನೆಗೆ ಅದು ಮೆಕಾರ್ಟ್ನಿಯವರದ್ದೇ ಆಯ್ತು.

ಟ್ಯೂನ್ ಇದೆ, ಸಾಹಿತ್ಯ ಇಲ್ಲ. ಟ್ಯೂನ್ ಮರೆಯಬಾರದಲ್ಲ? ಅದಕ್ಕೆ ಸದ್ಯಕ್ಕೆ ಅಂತ ‘ಸ್ಕ್ರಾಂಬಲ್ಡ್ ಎಗ್ಸ್’ ಅಂತ ಹಾಡಿಕೊಂಡ್ರು. ನಮ್ಮ ಎಗ್ ಬುರ್ಜಿಯಿಂದ ಈರುಳ್ಳಿ, ಹಸಿಮೆಣಸಿನಕಾಯಿ ತೆಗೆದರೆ ಹತ್ತಿರ ಹತ್ತಿರ ಅದೇ ತಿಂಡಿ. ಸ್ಕ್ರಾಂಬಲ್ ಅಂದ್ರೆ ಕಲಸಿ ಕೆದಕೋದು. ಅಕ್ಷರಗಳನ್ನ ಅದಲುಬದಲು ಮಾಡೋದೂ ಸ್ಕ್ರಾಂಬಲ್, ಬಸ್ ಬಂದ ತಕ್ಷಣ ಸೀಟಿಗೆ ಮುಗಿಬೀಳೋದೂ ಸ್ಕ್ರಾಂಬಲ್, ಕೈಕಾಲು ಊರಿಕೊಂಡು ಬೆಟ್ಟ ಹತ್ತೋದೂ ಸ್ಕ್ರಾಂಬಲ್. ಎಲ್ಲದರಲ್ಲೂ ಒಂದು ಗಡಿಬಿಡಿ ಇದೆ, ನೋಡಿ.

ಸರಿಯಾದ ಪದ ಸಿಗೋವರೆಗೆ ಜಾಗ ಹಿಡಿದು ಕೂರೋ ಪದಕ್ಕೆ ಪ್ಲೇಸ್‌ಹೋಲ್ಡರ್ ಅಂತಾರೆ. ಬಸ್ಸಿನ ಸೀಟಿಗೆ ಟವೆಲ್ ಹಾಕ್ತೀವಲ್ಲ, ಹಾಗೆ. ನಮ್ಮ ಸಿನಿಮಾದವರು ಟ್ಯೂನ್‌ಗೆ ಹಾಕೋ ಡಮ್ಮಿ ಲಿರಿಕ್ಸ್ ಕೂಡ ಇದೇ. 1965ರ ಮೇ ತಿಂಗಳಲ್ಲಿ ಪೋರ್ಚುಗಲ್‌ನಲ್ಲಿ ಕಾರಿನಲ್ಲಿ ಹೋಗ್ತಿದ್ದಾಗ ‘ಸ್ಕ್ರಾಂಬಲ್ಡ್ ಎಗ್ಸ್’ ಜಾಗಕ್ಕೆ ‘ಯೆಸ್ಟರ್‌ಡೇ’ ಬಂತು. ಎರಡನ್ನೂ ಹೇಳಿ ನೋಡಿ. ಬಾಯಲ್ಲಿ ಮೂರೇ ತುಂಡು, ಒಂದೇ ಅಳತೆ.

1965ರ ಜೂನ್ 14ರಂದು ರೆಕಾರ್ಡಿಂಗ್. ಮೆಕಾರ್ಟ್ನಿಗೆ ಆಗ 22 ವರ್ಷ. ಕೈಯಲ್ಲೊಂದು ಗಿಟಾರ್, ತಂಡದ ಬೇರೆ ಯಾರೂ ಇದರಲ್ಲಿ ನುಡಿಸಿಲ್ಲ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಸಲಹೆಯಂತೆ ಆಮೇಲೆ ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ ಸೇರಿಸಿದ್ರು. ಅದೇ ವರ್ಷ ಅಮೆರಿಕದಲ್ಲಿ ನಾಲ್ಕು ವಾರ ನಂಬರ್ ಒನ್. ಒಬ್ಬರ ಹಾಡನ್ನ ಇನ್ನೊಬ್ಬರು ಹಾಡಿ ರೆಕಾರ್ಡ್ ಮಾಡೋದು ಕವರ್. ಈ ಹಾಡಿಗೆ 1600ಕ್ಕೂ ಹೆಚ್ಚು ಕವರ್ ಬಂದಿವೆ ಅಂತ ಗಿನ್ನೆಸ್ ದಾಖಲೆಯೇ ಹೇಳಿತ್ತು.

ಆರರಲ್ಲಿ ನನಗೆ ಮುಖ್ಯ ಅನಿಸೋದು ಪ್ಲೇಸ್‌ಹೋಲ್ಡರ್. ಯಾಕಂದ್ರೆ ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮಾತಾಡ್ತಾ ಮಾತಾಡ್ತಾ ಒಂದೇ ಒಂದು ಪದಕ್ಕೆ ನಿಂತುಬಿಡ್ತಾರೆ. ನನ್ನ ಜೊತೆ ಬಿ.ಕಾಂ ಓದಿದ ಗೆಳೆಯನೊಬ್ಬ ಅಕೌಂಟ್ಸ್‌ನಲ್ಲಿ ನಮಗೆಲ್ಲ ಹೇಳಿಕೊಡ್ತಿದ್ದ. ಇಂಟರ್‌ವ್ಯೂನಲ್ಲಿ ‘ಡಿಪ್ರಿಸಿಯೇಷನ್’ ಅನ್ನೋ ಪದ ನೆನಪಾಗಲಿಲ್ಲ ಅಂತ ಸುಮ್ಮನಾದ. ಲೆಕ್ಕ ಪೂರ್ತಿ ಗೊತ್ತಿತ್ತು, ಕೆಲಸ ಸಿಗಲಿಲ್ಲ. ‘ಮಷೀನ್ ಗೆಟ್ಸ್ ಓಲ್ಡ್, ಇಟ್ಸ್ ವ್ಯಾಲ್ಯೂ ಕಮ್ಸ್ ಡೌನ್ ಎವ್ರಿ ಇಯರ್’ ಅಂದಿದ್ರೆ ಎದುರು ಕೂತವರಿಗೆ ವಿಷಯ ಗೊತ್ತಿದೆ ಅನ್ನೋದಾದ್ರೂ ತಿಳೀತಿತ್ತು.

ಹಾಗಾಗಿ ಈ ವಾರದ ಹೋಂವರ್ಕ್: ಯಾವುದಾದ್ರೂ ವಿಷಯದ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಪದ ಸಿಗದ ಕಡೆ ನಿಲ್ಲಬೇಡಿ, ಗೊತ್ತಿರೋ ಸಣ್ಣ ಪದಗಳಲ್ಲೇ ಜಾಗ ತುಂಬಿಸಿ ಮುಂದೆ ಹೋಗಿ. ಆಮೇಲೆ ಕೇಳಿಸಿಕೊಂಡು, ಆ ಜಾಗಕ್ಕೆ ಸರಿಯಾದ ಪದ ಹುಡುಕಿ. ಹಾಗೆ ಸಿಕ್ಕಿದ ಪದ ನಿಮ್ಮದು, ಧೈರ್ಯವಾಗಿ ಕ್ಲೇಮ್ ಮಾಡಿ. ಮುಂದಿನ ವಾರ ಸಿಗೋಣ.