ಕುದುರೆ ಬಿಡಲು ಲಾಯ ಹುಡುಕ್ತಿದ್ದೀರಾ? ಮಳೆ ಬರುವಾಗ ಹೋಗಿ ನೋಡಿ

ಮಂಗಳೂರು: ಪಣಂಬೂರು, ತಣ್ಣೀರುಬಾವಿ ಬೀಚಿಗೆ ಹೋಗಿ ಬಂದವರಿಗೆ ಕುದುರೆ ಸವಾರಿ ಹೊಸತಲ್ಲ. ಮದುವೆ ದಿಬ್ಬಣಕ್ಕೂ ಕುದುರೆ ಬರ್ತದೆ. ಅದನ್ನು ನೋಡಿ ತನಗೂ ಒಂದು ಇರಲಿ ಅನ್ನುವ ಆಸೆ ಕೆಲವರಿಗೆ ಹುಟ್ಟುವುದು ಸಹಜ. ಆದರೆ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರು ಕುದುರೆಯನ್ನು ಎಲ್ಲಿ ಕಟ್ಟುವುದು? ಬಜ್ಪೆ, ಮೂಡುಬಿದಿರೆ, ಬಂಟ್ವಾಳ ಕಡೆ ತೋಟ ಇರುವವರ ಹತ್ತಿರ ತಿಂಗಳಿಗೆ ಇಷ್ಟು ಅಂತ ಮಾತಾಡಿ ಬಿಡುವುದೊಂದೇ ದಾರಿ. ಬೀಚಿನ ಕುದುರೆಗಳಿಗೂ ಮಳೆಗಾಲದಲ್ಲಿ ಕೆಲಸ ಇಲ್ಲ, ಅವುಗಳಿಗೂ ಒಂದು ಸೂರು ಬೇಕು.

ಲಾಯ ನೋಡಲು ಹೆಚ್ಚಿನವರು ಹೋಗುವುದು ಡಿಸೆಂಬರ್, ಜನವರಿಯಲ್ಲಿ. ಆಗ ಎಲ್ಲ ಲಾಯವೂ ಚಂದವೇ. ಬೆಂಗಳೂರು, ಮೈಸೂರಿನವರು ಹೇಳಿಕೊಡುವ ಲೆಕ್ಕ ಅಲ್ಲಿಯ ಒಣ ಹವೆಗೆ ಸರಿ. ಇಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ಮುಕ್ಕಾಲುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಕುದುರೆ ಎಲ್ಲಿ ನಿಲ್ತದೆ, ಎಂತ ತಿನ್ತದೆ ಅನ್ನುವುದೇ ಮುಖ್ಯ. ಸಾಧ್ಯವಾದರೆ ಜುಲೈಯ ಒಂದು ಜೋರು ಮಳೆಯ ದಿನ, ಮೊದಲೇ ಫೋನ್ ಮಾಡದೆ ಹೋಗಿ.

ಹೋದ ಕೂಡಲೇ ಮೂಗಿಗೆ ಕೆಲಸ ಕೊಡಿ. ಕಣ್ಣು ಉರಿಯುವಷ್ಟು ಮೂತ್ರದ ಘಾಟು ಇದ್ದರೆ ಅದು ಅಮೋನಿಯಾ. ಹಗಲು ರಾತ್ರಿ ಅಲ್ಲೇ ನಿಲ್ಲುವ ಕುದುರೆಯ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. ಆಮೇಲೆ ನೆಲ ನೋಡಿ. ಒಂದು ಕುದುರೆಗೆ ಸುಮಾರು 12 ಅಡಿ ಉದ್ದ, 12 ಅಡಿ ಅಗಲದ ಕೋಣೆ ಬೇಕು, ನೀರು ಹರಿದು ಹೋಗುವ ಓಟ ಬೇಕು, ಮೇಲೆ ಮರದ ಹುಡಿಯೋ ರಬ್ಬರ್ ಮ್ಯಾಟೋ ಬೇಕು. ಬರೀ ಸಿಮೆಂಟ್ ನೆಲದಲ್ಲಿ ಕಾಲು ಜಾರ್ತದೆ. ಪಾಚಿ ಕಟ್ಟಿದ ಮುರಕಲ್ಲಿನ ಅಂಗಳ ಅದಕ್ಕಿಂತಲೂ ಅಪಾಯ.

ಒಂದು ಕುದುರೆಯ ಕಾಲು ಎತ್ತಿ ತೋರಿಸಲು ಹೇಳಿ. ಒದ್ದೆಯಲ್ಲೇ ನಿಂತ ಕುದುರೆಯ ಗೊರಸಿನ ಅಡಿ ಕೊಳೆತು ಕಪ್ಪು ರಸ ಬರ್ತದೆ, ಕೆಟ್ಟ ವಾಸನೆ ಹೊಡೀತದೆ. ಇದು ಕರಾವಳಿಯ ಮಳೆಗಾಲದ ಕಾಯಿಲೆ, ದಿನಾ ಗೊರಸು ಕೆರೆದು ಒಣಗಿಸಿದರೆ ಬರುವುದಿಲ್ಲ. ಗೊರಸು ಕತ್ತರಿಸಿ ಲಾಳ ಸರಿ ಮಾಡುವವರು ಆರರಿಂದ ಎಂಟು ವಾರಕ್ಕೊಮ್ಮೆ ಬರಲೇಬೇಕು. "ಯಾರು ಬರ್ತಾರೆ, ಎಲ್ಲಿಂದ ಬರ್ತಾರೆ?" ಅಂತ ಕೇಳಿ. ಈ ಕೆಲಸ ಗೊತ್ತಿರುವವರು ನಮ್ಮ ಕಡೆ ಕಮ್ಮಿ. ಇದು ಹಳೇ ತೊಂದರೆಯೇ. ತಮಿಳು ಕರಾವಳಿಗೆ ಹಡಗಿನಲ್ಲಿ ಬಂದ ಕುದುರೆಗಳು ನೋಡಿಕೊಳ್ಳಲು ತಿಳಿದವರಿಲ್ಲದೆ ಸಾಯುತ್ತವೆ ಅಂತ 13ನೇ ಶತಮಾನದ ಕೊನೆಗೆ ಬಂದ ಮಾರ್ಕೊ ಪೋಲೊ ಹೇಳಿದ್ದಾನೆ.

ಮೇವಿನ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುವುದು ಕುದುರೆಯನ್ನು ದನದ ಹಾಗೆ ಸಾಕಲು ಹೋಗಿ. ದನಕ್ಕೆ ಮೆಲುಕು ಹಾಕುವ ಹೊಟ್ಟೆ ಉಂಟು, ಕುದುರೆಗೆ ಇಲ್ಲ. ತಿಂದದ್ದು ಕೆಟ್ಟರೆ ವಾಂತಿ ಮಾಡಲಿಕ್ಕೂ ಅದಕ್ಕೆ ಆಗುವುದಿಲ್ಲ. ಬೂಸಲು ಹಿಡಿದ ಹುಲ್ಲು ತಿಂದ ಕುದುರೆ ಹೊಟ್ಟೆನೋವಿನಿಂದ ನೆಲದಲ್ಲಿ ಹೊರಳಾಡಿ ಒಂದೇ ದಿನದಲ್ಲಿ ಸತ್ತುಹೋಗಬಹುದು. ಹಾಗಾಗಿ ಒಣಹುಲ್ಲು ಎಲ್ಲಿಟ್ಟಿದ್ದಾರೆ ಅಂತ ನೋಡಿ: ನೆಲಕ್ಕೆ ತಾಗದೆ ಅಟ್ಟದಲ್ಲೋ ಹಲಗೆಯ ಮೇಲೋ ಇರಬೇಕು. ಒಂದು ಹಿಡಿ ತೆಗೆದು ಮೂಸಿ.

400 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ 6ರಿಂದ 8 ಕೆ.ಜಿ. ಒಣಮೇವು ಬೇಕು, ಹಸಿಹುಲ್ಲಾದರೆ ಅದರ ಮೂರ್ನಾಲ್ಕು ಪಟ್ಟು. ಬೈಹುಲ್ಲು ಒಂದನ್ನೇ ಹಾಕಿದರೆ ಸಾಲದು. ಡೈರಿಯವರು ಬೆಳೆಸುವ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಅಂಶ ಉಂಟು, ಅದು ಕುದುರೆಗೆ ಕ್ಯಾಲ್ಸಿಯಂ ಸಿಗದಂತೆ ಮಾಡ್ತದೆ. ಅದರ ಜೊತೆಗೆ ರಂಜಕ ಹೆಚ್ಚಿರುವ ಅಕ್ಕಿ ತೌಡನ್ನೂ ಸುರಿದರೆ ತಿಂಗಳುಗಟ್ಟಲೆಯಲ್ಲಿ ಎಲುಬು ಸವೆದು ಮುಖ ದಪ್ಪವಾಗ್ತದೆ, ಕುದುರೆ ಕುಂಟ್ತದೆ. ಬೇಯಿಸಿದ ಹುರುಳಿ ಹಳಬರ ಕ್ರಮ, ಮಿತದಲ್ಲಿ ಕೊಟ್ಟರೆ ತೊಂದರೆ ಇಲ್ಲ.

ಪಶು ಆಹಾರದ ಅಂಗಡಿಯವರು ಗಮನಿಸಬೇಕಾದ ಒಂದು ಮಾತು. ಕೆಲವು ದನದ, ಕೋಳಿಯ ಆಹಾರದಲ್ಲಿ ಮೊನೆನ್ಸಿನ್ ಎಂಬ ಔಷಧ ಸೇರಿಸಿರುತ್ತಾರೆ. ದನಕ್ಕೆ ಏನೂ ಆಗದ ಪ್ರಮಾಣ ಕುದುರೆಯ ಹೃದಯಕ್ಕೆ ವಿಷ. ಗಿರಾಕಿ ಕುದುರೆಗೆ ಅಂತ ಹೇಳಿದರೆ ದನದ ಹಿಂಡಿಯ ಚೀಲ ಕೊಡಬೇಡಿ. ಲಾಯದಲ್ಲಿ ದನವೂ ಇದ್ದರೆ ಎರಡರ ಚೀಲ, ಬಕೆಟ್ ಬೇರೆ ಬೇರೆ ಉಂಟಾ ಅಂತ ನೋಡಿ. ಬೇಲಿಯಲ್ಲಿ ಕಣಗಿಲೆ ಇದ್ದರೆ ಅಲ್ಲಿ ಬಿಡುವುದೇ ಬೇಡ, ಹಿಡಿಯಷ್ಟು ಎಲೆ ಸಾಕು ಕುದುರೆಯನ್ನು ಕೊಲ್ಲಲು. ಅಡಿಕೆ ತೋಟವಾದರೆ ಔಷಧಿ ಬಿಟ್ಟ ದಿನಗಳಲ್ಲಿ ಅದರಡಿಯ ಹುಲ್ಲು ಮೇಯಿಸುವುದಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಏಪ್ರಿಲ್, ಮೇ ಸೆಕೆಯದ್ದು ಇನ್ನೊಂದು ಕಥೆ. ಕುದುರೆ ದಿನಕ್ಕೆ 25ರಿಂದ 40 ಲೀಟರ್ ನೀರು ಕುಡೀತದೆ, ಸೆಕೆಗೆ ಇನ್ನೂ ಹೆಚ್ಚು. ಬೆವರಿನಲ್ಲಿ ಹೋದ ಉಪ್ಪು ತುಂಬಲು ನೆಕ್ಕುವ ಉಪ್ಪಿನ ಗಟ್ಟಿ ಇರಬೇಕು. ಇಂಥ ಹವೆಯಲ್ಲಿ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗ್ತದೆ. ಮೈ ಒಣಗಿ, ಏದುಸಿರು ಬಿಡುವುದು ಕಂಡರೆ ಕೂಡಲೇ ನೆರಳಿಗೆ ತಂದು ನೀರು ಸುರಿಯಬೇಕು, ಡಾಕ್ಟರಿಗೆ ಹೇಳಬೇಕು. ಸವಾರಿ ಏನಿದ್ದರೂ ಬೆಳಗ್ಗೆ ಬೇಗ, ಇಲ್ಲವೇ ಸಂಜೆ.

ರೋಗದ ವಿಷಯದಲ್ಲಿ ಮುಲಾಜು ಬೇಡ. ಹೊಸದಾಗಿ ಬಂದ ಕುದುರೆಯನ್ನು ಎರಡು ಮೂರು ವಾರ ಬೇರೆ ಕಟ್ಟುತ್ತಾರಾ? ಗ್ಲಾಂಡರ್ಸ್ ಪರೀಕ್ಷೆಯ ವರದಿ ಕೇಳುತ್ತಾರಾ? ನಿಮ್ಮ ಹತ್ತಿರ ಕೇಳದಿದ್ದರೆ ಪಕ್ಕದ ಕುದುರೆಯವರ ಹತ್ತಿರವೂ ಕೇಳಿರುವುದಿಲ್ಲ. ಮೂಗು ಸುರಿದು ಮೈಯಲ್ಲಿ ಗಂಟು ಏಳುವ ಈ ರೋಗ ಮನುಷ್ಯರಿಗೂ ಬರ್ತದೆ. 2009ರ ಸಾಂಕ್ರಾಮಿಕ ಪಶುರೋಗ ಕಾಯ್ದೆಯ ಪ್ರಕಾರ ಅನುಮಾನ ಬಂದರೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರ ರಕ್ತ ಪರೀಕ್ಷೆ ಮಾಡುತ್ತದೆ. ರೋಗ ದೃಢವಾದರೆ ಚಿಕಿತ್ಸೆ ಇಲ್ಲ, ಕುದುರೆಗೆ ದಯಾಮರಣವೇ. ಧನುರ್ವಾಯು, ರೇಬೀಸ್ ಚುಚ್ಚುಮದ್ದಿನ ದಾಖಲೆಯೂ ಇರಲಿ. ಮಳೆ ಬಿಟ್ಟ ಮೇಲೆ ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ಜ್ವರ ಬರ್ತದೆ, ನೊಣ ತಡೆಯಲು ಎಂತ ಮಾಡಿದ್ದಾರೆ ಕೇಳಿ.

ಇಷ್ಟೆಲ್ಲ ಸರಿ ಇದ್ದೂ ರಾತ್ರಿ ಅಲ್ಲಿ ಮನುಷ್ಯರು ಮಲಗುವುದಿಲ್ಲ ಅಂತಾದರೆ ಬೇರೆ ಜಾಗ ನೋಡಿ. ಹೊಟ್ಟೆನೋವು ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗ್ಗೆವರೆಗೆ ಕಾಯುವುದಿಲ್ಲ. ಗೋಡೆಯ ಟೈಲ್ಸ್‌ಗಿಂತ ಕುದುರೆಯ ಹತ್ತಿರ ಹೋಗುವ ಕೆಲಸದವರ ಮೇಲೆ ಕಣ್ಣಿಡಿ. ಅವರು ಬರುವಾಗ ಕುದುರೆ ಕಿವಿ ಹಿಂದಕ್ಕೆ ಮಡಚಿ ಮೂಲೆಗೆ ಸರಿದರೆ ಅಲ್ಲಿ ಪೆಟ್ಟು ಬೀಳ್ತಾ ಉಂಟು ಅಂತ ಅನುಮಾನಿಸಿ.

ಬಾಯಿಮಾತಿನ ಒಪ್ಪಂದ ಬೇಡ. ಕುದುರೆಯನ್ನು ಬೇರೆಯವರ ಹತ್ತಿರ ಬಿಟ್ಟರೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಆಹಾರ, ನೀರು, ಸೂರು ಒದಗಿಸುವ ಹೊಣೆ ಮಾಲೀಕರದ್ದೇ. ತಿಂಗಳ ಹಣದಲ್ಲಿ ಲಾಳ, ಔಷಧಿ, ಡಾಕ್ಟರ್ ಖರ್ಚು ಸೇರಿದೆಯಾ, ನಿಮ್ಮ ಫೋನ್ ಸಿಗದಿದ್ದರೆ ಚಿಕಿತ್ಸೆಗೆ ಯಾರು ಒಪ್ಪಿಗೆ ಕೊಡಬೇಕು, ನಿಮ್ಮ ಕುದುರೆಯನ್ನು ಬೇರೆಯವರ ಸವಾರಿಗೋ ಮೆರವಣಿಗೆಗೋ ಕೊಡಬಹುದಾ ಅನ್ನುವುದೆಲ್ಲ ಕರಾರಿನಲ್ಲಿ ಬರಲಿ. ವಾಪಸ್ ಕರೆದುಕೊಂಡು ಹೋಗಲು ಎಷ್ಟು ದಿನ ಮೊದಲು ಹೇಳಬೇಕು, ಮುಂಗಡದಲ್ಲಿ ಎಷ್ಟು ಹಿಂದೆ ಸಿಗ್ತದೆ ಅಂತಲೂ ಅದರಲ್ಲೇ ಬರೆಸಿ.