ಬಟ್ಟೆ ಕಳಚಿ ಚರ್ಮ ತೊಡುವ ಸೀಟು

ನೂರು ವರ್ಷಗಳ ಹಿಂದೆ ಸಿರಿವಂತರ ಎಷ್ಟೋ ಕಾರುಗಳಲ್ಲಿ ಚರ್ಮದ ಸೀಟು ಸಿಗುತ್ತಿದ್ದುದು ಚಾಲಕನಿಗೆ, ಯಜಮಾನನಿಗಲ್ಲ. ಚಾಲಕ ಕೂರುತ್ತಿದ್ದ ಜಾಗಕ್ಕೆ ಸರಿಯಾದ ಸೂರೇ ಇರುತ್ತಿರಲಿಲ್ಲ. ಮಳೆ, ಧೂಳು ತಡೆದುಕೊಂಡು, ಒರೆಸಿದರೆ ಹಸನಾಗುವ ವಸ್ತು ಅಲ್ಲಿಗೆ ಬೇಕಿತ್ತು. ಹಿಂದೆ ಗಾಜಿನ ಆಚೆ ಬೆಚ್ಚಗೆ ಕೂತವರಿಗೆ ನಯವಾದ ಉಣ್ಣೆ ಬಟ್ಟೆ. ಜಪಾನಿನ ಟೊಯೊಟಾ ಸೆಂಚುರಿ ಕಾರು ಈ ಅಭಿರುಚಿಯನ್ನು ಬಹುಕಾಲ ಕಾಪಾಡಿಕೊಂಡು ಬಂತು. ಅದರಲ್ಲಿ ಉಣ್ಣೆ ಬಟ್ಟೆಯ ಸೀಟಿಗೇ ಮರ್ಯಾದೆ ಹೆಚ್ಚು. ಬಟ್ಟೆ ಮೈಗೆ ತಣ್ಣಗೆ ತಾಗುವುದಿಲ್ಲ, ಅಲುಗಿದಾಗ ಸದ್ದು ಮಾಡುವುದಿಲ್ಲ.

ಇಂದು ಲೆಕ್ಕ ತಿರುವುಮುರುವಾಗಿದೆ. ಒಂದೇ ಕಾರಿನ ಕಡಿಮೆ ಬೆಲೆಯ ಮಾದರಿಗೆ ಬಟ್ಟೆ, ದುಬಾರಿ ಮಾದರಿಗೆ ಚರ್ಮ ಅಥವಾ ಚರ್ಮದಂಥದ್ದು. ಬೆಲೆಯ ಅಂತರ ನೋಡಿದವರು ಬಟ್ಟೆ ಸೀಟಿನ ಕಾರನ್ನೇ ಕೊಂಡು, ಆಮೇಲೆ ಚರ್ಮ ಹಾಕಿಸುವ ದಾರಿ ಹುಡುಕುತ್ತಾರೆ. ಅಮೆರಿಕದಲ್ಲಿ ಇದಕ್ಕೆಂದೇ ಉದ್ಯಮವಿದೆ. ಕ್ಯಾಲಿಫೋರ್ನಿಯಾದ ಕ್ಯಾಟ್ಜ್‌ಕಿನ್‌ನಂಥ ಕಂಪನಿಗಳು ಕಾರಿನ ಮಾದರಿ, ವರ್ಷ ನೋಡಿ ಅದಕ್ಕೆ ತಕ್ಕಂತೆ ಹೊಲಿದ ಚರ್ಮದ ಹೊದಿಕೆಗಳನ್ನು ಕೊಡುತ್ತವೆ. ಸ್ವಂತ ಗ್ಯಾರೇಜಿರುವ ಮನೆಗಳಲ್ಲಿ ವಾರಾಂತ್ಯಕ್ಕೆ ಕೂತು ಇದನ್ನು ತಾವೇ ಹಾಕಿಕೊಳ್ಳುವವರು ಅಲ್ಲಿ ಬೇಕಾದಷ್ಟು ಮಂದಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಮಾನ್ಯವಾಗಿ ನಡೆಯುವ ಕೆಲಸ ಬೇರೆ. ಅಲ್ಲಿನ ಅಂಗಡಿಗಳು ಕಂಪನಿ ಕೊಟ್ಟ ಬಟ್ಟೆಯ ಮೇಲೆಯೇ ಇನ್ನೊಂದು ಕವರ್ ಬಿಗಿಯಾಗಿ ಎಳೆದು ಕೂರಿಸುತ್ತವೆ. ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಎರಡು ಪದರದ ನಡುವೆ ಮೇಲಿನದು ಜರುಗುತ್ತದೆ, ವರ್ಷ ಕಳೆದಂತೆ ಸುಕ್ಕುಗಟ್ಟುತ್ತದೆ. ಬಟ್ಟೆಯನ್ನು ಪೂರ್ತಿ ಕಳಚಿ, ಫೋಮಿನ ಮೇಲೆ ನೇರವಾಗಿ ಚರ್ಮ ತೊಡಿಸುವುದೇ ನಿಜವಾದ ಬದಲಾವಣೆ. ತಾಳ್ಮೆಯಿರುವವರು ಅದನ್ನು ಮನೆಯಂಗಳದಲ್ಲೇ ಮಾಡಬಹುದು. ಒಂದು ಷರತ್ತಿದೆ: ಸೀಟಿನೊಳಗೆ ಏನೇನಿದೆ ಎಂಬುದು ಮೊದಲು ಗೊತ್ತಿರಬೇಕು.

ಹಿಂದಿನ ಕಾಲದ ಸೀಟೆಂದರೆ ಕಬ್ಬಿಣದ ಚೌಕಟ್ಟು, ಸ್ಪ್ರಿಂಗು, ಮೇಲೊಂದು ಮೆತ್ತೆ. ಈಗಿನ ಸೀಟು ಸುರಕ್ಷಾ ವ್ಯವಸ್ಥೆಯ ಒಂದು ಅಂಗ. ಬೆಲ್ಟಿನ ಬಕಲ್ ಅದಕ್ಕೇ ಅಂಟಿಕೊಂಡಿರುತ್ತದೆ. ಯಾರಾದರೂ ಕೂತಿದ್ದಾರೆಯೇ ಎಂದು ಅರಿಯುವ ಸೆನ್ಸರ್ ಎಷ್ಟೋ ಕಾರುಗಳಲ್ಲಿ ಫೋಮಿನ ಮೇಲೆಯೋ ಅಡಿಯಲ್ಲೋ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಪಕ್ಕದ ಏರ್‌ಬ್ಯಾಗ್. ವೋಲ್ವೊ ಕಂಪನಿ 1990ರ ದಶಕದ ಮಧ್ಯದಲ್ಲಿ ತನ್ನ 850 ಕಾರಿನಲ್ಲಿ ಇದನ್ನು ಮೊದಲು ತಂದಿತು. ಆರು ಏರ್‌ಬ್ಯಾಗಿನ ಕಾರುಗಳು ಹೆಚ್ಚಿದಂತೆ ಭಾರತದ ಸಾಧಾರಣ ಕುಟುಂಬಗಳ ಕಾರುಗಳಿಗೂ ಅದು ಬಂದಿದೆ.

ಈ ಏರ್‌ಬ್ಯಾಗ್ ಬೆನ್ನೊರಗಿನ ಹೊರಬದಿಯಲ್ಲಿ ಮಡಚಿ ಕೂತಿರುತ್ತದೆ. ಪಕ್ಕದಿಂದ ಡಿಕ್ಕಿಯಾದಾಗ ಬಾಗಿಲಿಗೂ ಮೈಗೂ ನಡುವೆ ಇರುವುದು ಗೇಣಗಲದ ಜಾಗ. ಹಾಗಾಗಿ ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಷ್ಟು ಹೊತ್ತಿನಲ್ಲಿ ಅದು ಹೊದಿಕೆಯನ್ನು ಹರಿದು ಹೊರಬರಬೇಕು. ಅದಕ್ಕಾಗಿಯೇ ಕಂಪನಿಯವರು ಆ ಬದಿಯ ಒಂದು ಹೊಲಿಗೆಯನ್ನು ಬೇಕೆಂದೇ ದುರ್ಬಲವಾಗಿ ಹಾಕಿರುತ್ತಾರೆ: ದಾರ ಬೇರೆ, ಹೊಲಿಗೆಯ ಅಂತರ ಬೇರೆ. ಇದನ್ನರಿಯದೆ ಗಟ್ಟಿ ನೈಲಾನ್ ದಾರದಲ್ಲಿ ಆ ಅಂಚನ್ನು ಭದ್ರವಾಗಿ ಹೊಲಿದರೆ, ಹೊಲಿದವರ ಒಳ್ಳೆಯ ಕೆಲಸವೇ ಕೂತವರ ಪ್ರಾಣಕ್ಕೆ ಎರವಾಗಬಹುದು. ಮೇಲೆ ಎಳೆಯುವ ಕವರಿಗೂ ಈ ಮಾತು ಅನ್ವಯಿಸುತ್ತದೆ. ಪಕ್ಕದ ಏರ್‌ಬ್ಯಾಗಿರುವ ಕಾರುಗಳ ಕೈಪಿಡಿಗಳು ಆ ಭಾಗವನ್ನು ಮುಚ್ಚಬೇಡಿ ಎಂದು ಹೇಳುವುದು ಇದೇ ಕಾರಣಕ್ಕೆ. ಬೆನ್ನೊರಗಿನ ಬದಿಯಲ್ಲಿ ಏರ್‌ಬ್ಯಾಗಿನ ಪಟ್ಟಿ ಕಂಡರೆ, ಏರ್‌ಬ್ಯಾಗಿಗೆ ಹೊಂದುತ್ತದೆಂದು ಪರೀಕ್ಷಿಸಿ ತಯಾರಿಸಿದ ಹೊದಿಕೆಯನ್ನೇ ಕೊಳ್ಳಬೇಕು. ಅಂಥದ್ದು ಸಿಗದಿದ್ದರೆ ಆ ಸೀಟಿನ ಬೆನ್ನನ್ನು ಬಟ್ಟೆಯಲ್ಲೇ ಬಿಡುವುದು ಲೇಸು. ನೋಟದ ಆಸೆಗೆ ಇಲ್ಲಿ ರಾಜಿಯಾಗುವುದು ತಪ್ಪು.

ಇನ್ನು ಚರ್ಮದ ಆಯ್ಕೆ. ಅಂಗಡಿಯಲ್ಲಿ ‘ಲೆದರ್ ಸೀಟ್’ ಎಂದು ಮಾರುವುದರಲ್ಲಿ ಹೆಚ್ಚಿನದು ಪಿವಿಸಿ ಅಥವಾ ಪಿಯು ಲೇಪಿಸಿದ ಬಟ್ಟೆ, ನಮ್ಮಲ್ಲಿ ರೆಕ್ಸಿನ್ ಎಂದು ಕರೆಸಿಕೊಳ್ಳುವ ಬಳಗದ್ದು. ಹಿಂಬದಿ ತಿರುಗಿಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ನೇಯ್ಗೆ ಕಂಡರೆ ಕೃತಕ, ನಾರುನಾರಾಗಿ ಒರಟಾಗಿದ್ದರೆ ತೊಗಲು. ಕಾರಿಗೆ ಬಳಸುವ ಚರ್ಮ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತುಸು ದಪ್ಪ, ಮೇಲೆ ಬಣ್ಣದ ರಕ್ಷಾಪದರ. ಕಂಪನಿಯಿಂದಲೇ ಚರ್ಮದ ಸೀಟು ಬಂದ ಕಾರುಗಳಲ್ಲೂ ಮೈ ತಾಗುವ ಕಡೆ ಮಾತ್ರ ಚರ್ಮವಿಟ್ಟು, ಬದಿಗೂ ಹಿಂಭಾಗಕ್ಕೂ ಕೃತಕ ಹಾಕುವುದುಂಟು. ಅದೇನೂ ಮೋಸವಲ್ಲ, ಮನೆಯಲ್ಲಿ ಮಾಡಿಕೊಳ್ಳುವವರಿಗೆ ಖರ್ಚು ಉಳಿಸುವ ಜಾಣ ದಾರಿ. ಆದರೆ ಕರಾವಳಿ, ಮಲೆನಾಡಿನವರು ಅಗ್ಗದ ಪಿಯು ಕೊಳ್ಳುವ ಮುನ್ನ ಯೋಚಿಸಬೇಕು. ತೇವದ ಗಾಳಿಗೆ ಆ ಲೇಪ ಒಡೆದು, ಕೆಲವೇ ವರ್ಷಗಳಲ್ಲಿ ಹೊಪ್ಪಳೆಯಾಗಿ ಉದುರುತ್ತದೆ. ಬೆಂಕಿಯ ಪ್ರಶ್ನೆಯೂ ಇದೆ: ವಾಹನದೊಳಗಿನ ವಸ್ತುಗಳು ಎಷ್ಟು ನಿಧಾನ ಉರಿಯಬೇಕೆಂದು ಹೇಳುವ ಐಎಸ್ 15061 ಎಂಬ ಭಾರತೀಯ ಮಾನದಂಡಕ್ಕೆ ಹೊದಿಕೆ ಹೊಂದುತ್ತದೆಯೇ ಎಂದು ಅಂಗಡಿಯವರನ್ನು ಕೇಳಲೇಬೇಕು.

ಬಿಚ್ಚುವ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಸೀಟನ್ನು ಹಿಂದೆ ಸರಿಸಿ ಮುಂದಿನ ಬೋಲ್ಟು, ಮುಂದೆ ಸರಿಸಿ ಹಿಂದಿನ ಬೋಲ್ಟು ಬಿಚ್ಚಬೇಕು. ಮೋಟಾರಿನಿಂದ ಸರಿಯುವ ಸೀಟಾದರೆ ಇದನ್ನು ಬ್ಯಾಟರಿ ತೆಗೆಯುವ ಮುನ್ನವೇ ಮುಗಿಸಬೇಕು, ಇಲ್ಲದಿದ್ದರೆ ಸೀಟು ಇದ್ದಲ್ಲೇ ನಿಲ್ಲುತ್ತದೆ. ಬಳಿಕ ಇಗ್ನಿಷನ್ ಆರಿಸಿ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು; ಏರ್‌ಬ್ಯಾಗಿನ ಮಂಡಲದಲ್ಲಿ ಉಳಿದ ವಿದ್ಯುತ್ ಇಳಿಯಲು ಆ ಸಮಯ ಬೇಕು. ಸೀಟಿನಡಿಯ ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದನ್ನು ಬಿಡಿಸಿದ ಮೇಲೆ ಮತ್ತೆ ಜೋಡಿಸುವವರೆಗೆ ಕೀಲಿ ತಿರುಗಿಸಬಾರದು. ತಿರುಗಿಸಿದರೆ ದೋಷ ದಾಖಲಾಗಿ ಎಚ್ಚರಿಕೆಯ ದೀಪ ಹತ್ತಿಕೊಳ್ಳುತ್ತದೆ, ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆ ಅದು ಆರುವುದಿಲ್ಲ. ಸೀಟು ಭಾರವಾಗಿರುವುದರಿಂದ ಹೊರಗೆತ್ತಲು ಇಬ್ಬರಿದ್ದರೆ ಒಳ್ಳೆಯದು. ಬಾಗಿಲ ಚೌಕಟ್ಟಿಗೆ ಹಳೆಯ ಕಂಬಳಿ ಹೊದಿಸಿದರೆ ಬಣ್ಣ ಗೀರುವುದಿಲ್ಲ.

ಸೀಟು ತಲೆಕೆಳಗಾದಾಗ ಅದರ ಗುಟ್ಟು ಬಯಲಾಗುತ್ತದೆ. ಬಟ್ಟೆಯ ಅಂಚಿಗೆ ಹೊಲಿದ ಪ್ಲಾಸ್ಟಿಕ್ ಪಟ್ಟಿಗಳು ಚೌಕಟ್ಟಿನ ಅಂಚಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿರುತ್ತವೆ. ಮೇಲ್ಭಾಗದಲ್ಲಿ ಹೊಲಿಗೆಗಳು ಒಳಕ್ಕೆ ಇಳಿದಂತೆ ಕಾಣುವ ಕಡೆಯೆಲ್ಲ, ಬಟ್ಟೆಯ ಅಡಿಯ ಒಂದು ತೆಳು ನಾಳದಲ್ಲಿ ಉಕ್ಕಿನ ತಂತಿ ಹಾಯ್ದಿರುತ್ತದೆ. ಫೋಮಿನೊಳಗೆ ಹುದುಗಿದ ಇನ್ನೊಂದು ತಂತಿಗೆ ಅದನ್ನು ಸಣ್ಣ ಲೋಹದ ಉಂಗುರಗಳು ಕಟ್ಟಿ ಹಿಡಿದಿರುತ್ತವೆ. ಸೀಟಿಗೆ ಉಬ್ಬುತಗ್ಗಿನ ಆಕಾರ ಬರುವುದೇ ಈ ಉಂಗುರಗಳಿಂದ. ‘ಹಾಗ್ ರಿಂಗ್’ ಎಂದು ಮಾರುವ ಇವನ್ನು ಕತ್ತರಿಸಿ ತೆಗೆಯಬೇಕು, ಹೊಸದು ಹಾಕಬೇಕು. ಅದಕ್ಕೊಂದು ಬೇರೆ ಇಕ್ಕಳವಿದೆ. ಪ್ರತಿ ಹಂತದಲ್ಲೂ ಫೋಟೊ ತೆಗೆದುಕೊಂಡರೆ ಸಂಜೆಯ ಹೊತ್ತಿಗೆ ಗೊಂದಲವಾಗದು. ಹಳೆಯ ತಂತಿಗಳನ್ನು ಎಸೆಯಬಾರದು, ಹೊಸ ಹೊದಿಕೆಗೆ ಅವೇ ಬೇಕಾಗಬಹುದು.

ತೊಡಿಸುವ ಮುನ್ನ ಹೊದಿಕೆಯನ್ನು ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಹರಡಿದರೆ ಚರ್ಮ ಮೆತ್ತಗಾಗಿ ಎಳೆತಕ್ಕೆ ಒದಗುತ್ತದೆ. ನಡುವಿನ ಹೊಲಿಗೆಯಿಂದ ಶುರುಮಾಡಿ ಅಂಚಿನತ್ತ ಹೋಗಬೇಕು. ಅಂಚನ್ನು ಮೊದಲು ಬಿಗಿದವರ ಸೀಟಿನಲ್ಲಿ ಸುಕ್ಕು ನಡುವಿಗೆ ಬಂದು ನಿಲ್ಲುತ್ತದೆ. ಕುಸಿದ ಫೋಮಿಗೆ ತೆಳು ಪದರ ಅಂಟಿಸಲು ಇದೇ ಸಮಯ, ಆದರೆ ಸೆನ್ಸರ್ ಇರುವ ಜಾಗದಲ್ಲಿ ಏನನ್ನೂ ಸೇರಿಸಬಾರದು.

ಹೊದಿಕೆಯನ್ನು ಮನೆಯಲ್ಲೇ ಹೊಲಿಯುವ ಹುಮ್ಮಸ್ಸಿದ್ದವರು ಹಳೆಯ ಬಟ್ಟೆಯ ಹೊಲಿಗೆ ಬಿಚ್ಚಿ, ಆ ತುಂಡುಗಳನ್ನೇ ಅಳತೆಯ ಅಚ್ಚಾಗಿ ಬಳಸುತ್ತಾರೆ. ಇಲ್ಲಿ ತೊಗಲಿನ ಸ್ವಭಾವ ಗೊತ್ತಿರಬೇಕು. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಹಿಗ್ಗುತ್ತದೆ. ಕೂರುವ ಜಾಗಕ್ಕೆ ಹೊಟ್ಟೆಯ ತೊಗಲು ಬಳಸಿದರೆ ಬೇಗ ಜೋಲುಬೀಳುತ್ತದೆ. ಹೊಲಿಗೆ ತೀರಾ ಒತ್ತಾದರೆ ಸೂಜಿಯ ತೂತುಗಳ ಸಾಲಿನುದ್ದಕ್ಕೂ ಚರ್ಮ ಹರಿಯುತ್ತದೆ. ಮನೆಯ ಸಾಮಾನ್ಯ ಯಂತ್ರ ಮೂರ್ನಾಲ್ಕು ಪದರದ ಮುಂದೆ ಸೋಲುತ್ತದೆ. ಹೊಲಿಗೆಯನ್ನು ಪಳಗಿದ ಕುಶನ್ ಕೆಲಸದವರಿಗೆ ಬಿಟ್ಟು, ಬಿಚ್ಚಿ ತೊಡಿಸುವುದನ್ನು ಮಾತ್ರ ಮನೆಯಲ್ಲಿ ಮಾಡಿಕೊಳ್ಳುವುದು ಹೆಚ್ಚಿನವರಿಗೆ ಹೊಂದುವ ಹಂಚಿಕೆ. ತಲೆಮಾರುಗಳಿಂದ ಕೈಗೆ ಬಂದ ಆ ಕಸುಬಿಗೆ ಸಲ್ಲಬೇಕಾದ ಕೂಲಿಯೂ ಸಲ್ಲುತ್ತದೆ.

ಸೀಟನ್ನು ಮರಳಿ ಕೂರಿಸುವಾಗ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದ ಬಿಗಿತಕ್ಕೆ ತರಬೇಕು. ಅಪಘಾತದಲ್ಲಿ ಕೂತವರ ಭಾರವೆಲ್ಲ ಬೀಳುವುದು ಅವುಗಳ ಮೇಲೆ. ಕನೆಕ್ಟರುಗಳನ್ನೆಲ್ಲ ಸಿಕ್ಕಿಸಿದ ನಂತರವೇ ಬ್ಯಾಟರಿ ಜೋಡಿಸಬೇಕು. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡು ಉರಿದು ಆರಿದರೆ ಎಲ್ಲ ಸರಿಯಿದೆ. ಆರದಿದ್ದರೆ ಗಾಡಿ ಓಡಿಸದೆ ಸರ್ವಿಸ್ ಸೆಂಟರಿನವರನ್ನು ಕರೆಸುವುದು ಕ್ಷೇಮ.

ಚರ್ಮದೊಂದಿಗೆ ಬದುಕುವುದಕ್ಕೂ ಸ್ವಲ್ಪ ಹೊಂದಿಕೆ ಬೇಕು. 2005ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನದಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತು. ರಾಯಚೂರು, ಕಲಬುರಗಿಯ ಬೇಸಿಗೆಗೆ ಕಪ್ಪು ಚರ್ಮ ತಕ್ಕದ್ದಲ್ಲ; ತಿಳಿಬಣ್ಣ ಆರಿಸಿ, ಗಾಜಿಗೆ ಮರೆ ಕಟ್ಟುವುದು ಮೇಲು. ಮಳೆಗಾಲದ ಮಲೆನಾಡಿನಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಕಾರಿನ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಡಬೇಕು. ಒರೆಸಲು ಒದ್ದೆ ಬಟ್ಟೆ, ಅಪರೂಪಕ್ಕೆ ಚರ್ಮಕ್ಕೆಂದೇ ಇರುವ ಸೌಮ್ಯ ಕ್ಲೀನರ್ ಸಾಕು. ಅಡುಗೆಯೆಣ್ಣೆ ಹಚ್ಚಿದರೆ ಅದು ಮೇಲಿನ ಬಣ್ಣದ ಪದರ ದಾಟಿ ಒಳಗಿಳಿಯದೆ ಧೂಳನ್ನಷ್ಟೇ ಹಿಡಿಯುತ್ತದೆ. ಕಳಚಿದ ಬಟ್ಟೆಯ ಹೊದಿಕೆಗಳನ್ನು ಒಗೆದು, ಚೆನ್ನಾಗಿ ಒಣಗಿಸಿ ಅಟ್ಟದ ಮೇಲಿಟ್ಟುಕೊಂಡಿರಬೇಕು. ಮುಂದೆ ಚರ್ಮ ಹರಿದಾಗ ಅಳತೆಗೆ, ಕಾರು ಮಾರುವಾಗ ಮೊದಲಿನ ಹೊದಿಕೆಯನ್ನೇ ಕೇಳುವ ಗಿರಾಕಿಗೆ ಅವು ಬೇಕಾಗುತ್ತವೆ.