ಮನೆಗಂದಾಯದ ಪುಸ್ತಕ

ಊರೆಂದ ಮೇಲೆ ಬೀದಿಗೆ ದೀಪ ಬೇಕು, ಕೊಳೆನೀರು ಹರಿಯಲು ಚರಂಡಿ ಬೇಕು, ಕುಡಿಯಲು ನೀರು ಬೇಕು. ಇವುಗಳ ವೆಚ್ಚದಲ್ಲಿ ಒಂದು ಪಾಲನ್ನು ಮನೆ, ಅಂಗಡಿ, ನಿವೇಶನಗಳ ಒಡೆಯರು ವರ್ಷ ವರ್ಷವೂ ಕೊಡುತ್ತಾರೆ. ಕಾಯಿದೆಯಲ್ಲಿ ಇದಕ್ಕೆ ಆಸ್ತಿ ತೆರಿಗೆಯೆಂದು ಹೆಸರು. ಜನರ ಮಾತಿನಲ್ಲಿ ಇದು ಮನೆಗಂದಾಯ. ಮೈಸೂರು ಜಿಲ್ಲೆಯ ಹುಣಸೂರಿನಲ್ಲಿ ಇದನ್ನು ನಗರಸಭೆಯೂ, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಪುರಸಭೆಗಳೂ, ಸುತ್ತಲಿನ ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಗಳೂ ವಸೂಲು ಮಾಡುತ್ತವೆ.

ವಸೂಲಿಗೆ ಲೆಕ್ಕ ಬೇಕು. ಲೆಕ್ಕಕ್ಕೆ ಪುಸ್ತಕ ಬೇಕು. ಆ ಪುಸ್ತಕದಲ್ಲಿ ಪ್ರತಿಯೊಂದು ಸ್ವತ್ತಿಗೂ ಒಂದು ಸಂಖ್ಯೆ. ಅದರ ಮುಂದೆ ಒಡೆಯರ ಹೆಸರು, ವಿಳಾಸ, ಸ್ವತ್ತಿನ ಉದ್ದಗಲ, ಸಲ್ಲಬೇಕಾದ ಹಣ. ಪಂಚಾಯತಿಗಳಲ್ಲಿ ಸ್ವತ್ತಿನ ವಿವರಕ್ಕೆ ನಮೂನೆ 9 ಎಂದೂ, ಕಂದಾಯದ ಬೇಡಿಕೆ ಮತ್ತು ವಸೂಲಿಯ ವಿವರಕ್ಕೆ ನಮೂನೆ 11 ಎಂದೂ ಹೆಸರು. ಸ್ವತ್ತಿನ ದಾಖಲೆಗಳಲ್ಲಿ ಚಕ್ಕುಬಂದಿಯನ್ನೂ ಬರೆಯುವುದುಂಟು: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ದಕ್ಷಿಣಕ್ಕೆ ಬೀದಿ, ಉತ್ತರಕ್ಕೆ ಓಣಿ. ಹೀಗೆ ಒಬ್ಬರ ಮನೆಯ ದಾಖಲೆಯೊಳಗೆ ನೆರೆಯವರ ಹೆಸರೂ ಸೇರಿಕೊಳ್ಳುತ್ತದೆ.

ಈ ಪುಸ್ತಕವನ್ನು ಯಾರು ನೋಡಬಹುದು? ಎಷ್ಟನ್ನು ನೋಡಬಹುದು? ಮೇಲುನೋಟಕ್ಕೆ ಇದು ಕಚೇರಿಗೆ ಸೇರಿದ ಸಣ್ಣ ವಿಚಾರವೆಂದು ತೋರಬಹುದು. ಆದರೆ ಪ್ರಜೆಯ ಎರಡು ದೊಡ್ಡ ಹಕ್ಕುಗಳು ಇಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಒಂದು, ಸಾರ್ವಜನಿಕ ವ್ಯವಹಾರವನ್ನು ತಿಳಿಯುವ ಹಕ್ಕು. ಇನ್ನೊಂದು, ತನ್ನ ಮನೆಯಲ್ಲಿ ನಿರ್ಭಯವಾಗಿ ಬಾಳುವ ಹಕ್ಕು.

ಪುಸ್ತಕವನ್ನು ಪೂರ್ತಿಯಾಗಿ ಮುಚ್ಚಿಟ್ಟರೆ ಏನಾಗುತ್ತದೆಂದು ಮೊದಲು ನೋಡೋಣ. ದೊಡ್ಡ ಮಹಡಿಮನೆಗೆ ಕಡಮೆ ಕಂದಾಯವನ್ನೂ ಪಕ್ಕದ ಹೆಂಚಿನ ಮನೆಗೆ ಹೆಚ್ಚು ಕಂದಾಯವನ್ನೂ ಬರೆದಿಟ್ಟರೆ ಕೇಳುವವರಿರುವುದಿಲ್ಲ. ಕೆರೆಯಂಗಳವೋ ಗುಂಡುತೋಪೋ ಯಾರದೋ ಹೆಸರಿಗೆ ಏರಿದರೆ ಊರಿಗೆ ತಿಳಿಯುವುದಿಲ್ಲ. ಮನೆ ಕೊಳ್ಳಬಂದವರಿಗೆ, ಮಾರುವವನ ಹೆಸರಿನಲ್ಲಿಯೇ ಖಾತೆ ಇದೆಯೆ ಎಂದು ನೋಡಿಕೊಳ್ಳುವ ದಾರಿಯೂ ಇರುವುದಿಲ್ಲ.

ಹೊಲಗದ್ದೆಗಳ ದಾಖಲೆಯಾದ ಪಹಣಿಯ ಇತಿಹಾಸ ಈ ಮಾತನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಹಿಂದೆ ಹಳ್ಳಿಯ ಲೆಕ್ಕವೆಲ್ಲ ವಂಶಪರಂಪರೆಯಿಂದ ಬಂದ ಶಾನುಭೋಗರ ಕೈಯಲ್ಲಿತ್ತು. 1961ರ ಕಾಯಿದೆ ಅಂಥ ಹುದ್ದೆಗಳನ್ನು ರದ್ದುಗೊಳಿಸಿತು. ಅವರ ಸ್ಥಾನಕ್ಕೆ ಸರ್ಕಾರದ ಗ್ರಾಮಲೆಕ್ಕಿಗರು ಬಂದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಬರೆದುಕೊಂಡು ಭೂನ್ಯಾಯಮಂಡಳಿಯ ಮುಂದೆ ನಿಂತಾಗ ಅವನ ಕೈಹಿಡಿದ ಸಾಕ್ಷ್ಯಗಳಲ್ಲಿ ಪಹಣಿ ಮುಖ್ಯವಾದದ್ದು. ಅದರಲ್ಲಿ ಹೆಸರಿದ್ದವನ ಮಾತಿಗೆ ಬಲ ಬಂದಿತು. ತಲೆಮಾರುಗಳಿಂದ ಉತ್ತಿದ್ದರೂ ಹೆಸರು ಏರದಿದ್ದವನು ಬೇರೆ ಸಾಕ್ಷಿಗಳಿಗಾಗಿ ಅಲೆಯಬೇಕಾಯಿತು. ಪುಸ್ತಕದಲ್ಲಿ ಏನು ಬರೆದಿದೆಯೆಂದು ತಿಳಿದುಕೊಳ್ಳುವುದು ಬಡವನಿಗೆ ಎಷ್ಟು ಅಗತ್ಯವೆಂಬುದು ಇದರಿಂದ ಗೊತ್ತಾಗುತ್ತದೆ. ಆಡಳಿತದ ಕಡತಗಳನ್ನು ಪ್ರಜೆಗಳಿಗೆ ತೆರೆದ 2005ರ ಮಾಹಿತಿ ಹಕ್ಕು ಕಾಯಿದೆಯ ಹಿಂದಿರುವುದೂ ಇದೇ ತತ್ತ್ವ.

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ತೆರೆದಿಟ್ಟರೆ ಸಾಕಲ್ಲವೆ? ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದೆಯೂ ಕಂದಾಯದ ಪುಸ್ತಕವನ್ನು ನೋಡಬಹುದಾಗಿತ್ತು. ಆದರೆ ನೋಡಬೇಕಾದವನು ಚಾವಡಿಗೋ ಕಚೇರಿಗೋ ಬರಬೇಕಾಗಿತ್ತು. ಪರಸ್ಥಳದವನು ಬಂದು ಇಂಥವರ ಮನೆ ಎಲ್ಲಿ ಎಂದರೆ, ‘ತಾವು ಯಾರ ಕಡೆಯವರು? ಏನು ಕೆಲಸವಾಗಬೇಕಾಗಿತ್ತು?’ ಎಂಬ ಪ್ರಶ್ನೆ ಅವನನ್ನು ಎದುರುಗೊಳ್ಳುತ್ತಿತ್ತು. ಬಂದವನ ಮುಖವನ್ನು ನಾಲ್ಕು ಜನ ನೋಡುತ್ತಿದ್ದರು. ಯಾವ ಕಾಯಿದೆಯಲ್ಲಿಯೂ ಬರೆಯದ ಈ ವಿಚಾರಣೆಯೇ ಮನೆಗಳಿಗೆ ಒಂದು ಕಾವಲಾಗಿತ್ತು.

ಗಣಕಯಂತ್ರ ಬಂದಮೇಲೆ ಈ ಸ್ಥಿತಿ ಬದಲಾಯಿತು. 2000ದ ಇಸವಿಯ ಸುಮಾರಿಗೆ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಿತು. ಆಮೇಲೆ ಹಳ್ಳಿಯ ಮನೆಗಳಿಗೆ ‘ಇ-ಸ್ವತ್ತು’, ಪಟ್ಟಣದ ಮನೆಗಳಿಗೆ ‘ಇ-ಆಸ್ತಿ’ ಬಂದವು. ಇದರಿಂದ ಆದ ಉಪಕಾರ ದೊಡ್ಡದು. ಒಂದು ಪ್ರತಿಗಾಗಿ ದಿನಗಟ್ಟಲೆ ಅಲೆಯುವ ಕಷ್ಟ ಕಡಮೆಯಾಯಿತು; ರಾತ್ರೋರಾತ್ರಿ ಹೆಸರು ತಿದ್ದುವವರಿಗೆ ಕಷ್ಟವಾಯಿತು. ಆದರೆ ಯಂತ್ರವು ಕೇಳಿದವರಿಗೆಲ್ಲ ಒಂದೇ ಸಮನಾಗಿ ಉತ್ತರ ಕೊಡುತ್ತದೆ. ‘ತಾವು ಯಾರು, ಏನು ಕೆಲಸ’ ಎಂದು ಅದು ತಾನಾಗಿ ಕೇಳುವುದಿಲ್ಲ. ಕೇಳುವಂತೆ ಮನುಷ್ಯನೇ ಅದಕ್ಕೆ ಕಲಿಸಬೇಕು.

ವಿಳಾಸ ಬಯಲಾದರೆ ಆಗುವ ಕೆಡುಕೇನು? ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಗಂಡನ ಹೊಡೆತಬಡಿತವನ್ನು ತಾಳಲಾರದೆ ಒಬ್ಬ ತಾಯಿ ಮಕ್ಕಳೊಡನೆ ಬೇರೆ ತಾಲ್ಲೂಕಿಗೆ ಬಂದು, ಇದ್ದ ಒಡವೆಯನ್ನು ಮಾರಿ ಒಂದು ಸಣ್ಣ ಮನೆಯನ್ನು ಕೊಂಡಳೆನ್ನಿ. ನ್ಯಾಯವಾಗಿ ಖಾತೆ ಮಾಡಿಸಿ ಕಂದಾಯವನ್ನೂ ಕಟ್ಟಿದಳು. ಅವಳ ಹೆಸರನ್ನು ಹೇಳಿದ ಮಾತ್ರಕ್ಕೆ ಪುಸ್ತಕವು ಅವಳ ಮನೆಯನ್ನು ತೋರಿಸಿಕೊಟ್ಟರೆ, ಯಾರಿಂದ ತಪ್ಪಿಸಿಕೊಂಡು ಬಂದಳೋ ಅವನೇ ಬಾಗಿಲಿಗೆ ಬಂದು ನಿಲ್ಲಬಹುದು. ಕಾನೂನಿಗೆ ತಲೆಬಾಗಿ ಕಂದಾಯ ಕಟ್ಟಿದ್ದೇ ಅವಳಿಗೆ ಮುಳುವಾಗಬೇಕೆ? ಮರಗಳ್ಳರನ್ನು ಹಿಡಿದುಕೊಟ್ಟ ಅರಣ್ಯ ರಕ್ಷಕ, ಕೊಲೆಯ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದ ಕೂಲಿಕಾರ, ತೀರ್ಪು ಕೊಟ್ಟ ನ್ಯಾಯಾಧೀಶ, ಇವರಿಗೂ ಇಂಥ ಭಯ ತಪ್ಪಿದ್ದಲ್ಲ.

ಇದು ಬರಿಯ ಕಲ್ಪನೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1989ರಲ್ಲಿ ರೆಬೆಕಾ ಶೇಫರ್ ಎಂಬ ನಟಿಯನ್ನು ಆಕೆಯ ಮನೆಯ ಬಾಗಿಲಲ್ಲಿಯೇ ಒಬ್ಬನು ಕೊಂದನು. ಆಕೆಯ ವಿಳಾಸವನ್ನು ಅವನು ಖಾಸಗಿ ಪತ್ತೇದಾರನ ಮೂಲಕ ಮೋಟಾರು ವಾಹನ ಇಲಾಖೆಯ ದಾಖಲೆಯಿಂದ ಪಡೆದಿದ್ದನು. ಅಂಥ ದಾಖಲೆಗಳನ್ನು ಕಾಪಾಡಲು ಆ ದೇಶ 1994ರಲ್ಲಿ ಕಾಯಿದೆ ಮಾಡಿತು. 2020ರಲ್ಲಿ ನ್ಯೂಜೆರ್ಸಿಯಲ್ಲಿ ಎಸ್ತರ್ ಸಲಾಸ್ ಎಂಬ ನ್ಯಾಯಾಧೀಶೆಯ ಮನೆಗೆ ಪಾರ್ಸೆಲು ತಂದವನಂತೆ ಬಂದವನೊಬ್ಬನು ಅವರ ಮಗ ಡೇನಿಯಲ್‌ನನ್ನು ಗುಂಡಿಟ್ಟು ಕೊಂದನು. ಅದೇ ವರ್ಷ ಆ ಮಗನ ಹೆಸರಿನಲ್ಲಿ ಬಂದ ಕಾಯಿದೆ ನ್ಯಾಯಾಧೀಶರು, ಪೊಲೀಸರು ಮೊದಲಾದವರ ಮನೆಯ ವಿಳಾಸಕ್ಕೆ ರಕ್ಷಣೆ ಕೊಟ್ಟಿತು.

ನಮ್ಮ ನಾಡಿನಲ್ಲಿಯೂ ಎಚ್ಚರಿಕೆಯ ಗಂಟೆ ಬಾರಿಸಿದೆ. ನೋಂದಣಿಯಾದ ಆಸ್ತಿ ದಸ್ತಾವೇಜುಗಳ ಪ್ರತಿಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳನ್ನು ನಕಲು ಮಾಡಿ ಬ್ಯಾಂಕಿನಿಂದ ಹಣ ಕದ್ದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲಿ ಬೆಳಕಿಗೆ ಬಂದವು. ಆ ಬಳಿಕ ಪ್ರತಿಗಳಲ್ಲಿ ಅವುಗಳನ್ನು ಮರೆಮಾಡುವ ಕ್ರಮ ಕೈಗೊಳ್ಳಲಾಯಿತು. ಆಸ್ತಿಯ ಒಡೆತನವನ್ನು ತಿಳಿಯಲು ಒಡೆಯನ ಬೆರಳಚ್ಚು ಬೇಕಾಗಿರಲಿಲ್ಲ. ಬೇಡದ್ದನ್ನೂ ತೋರಿಸಿದ್ದರಿಂದ ಕೇಡು ಬಂದಿತು.

ಈ ವಿಷಯದಲ್ಲಿ ಕಾನೂನು ಕಣ್ಣು ಮುಚ್ಚಿ ಕುಳಿತಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಮಾಹಿತಿ ಹಕ್ಕು ಕಾಯಿದೆಯ 8ನೆಯ ಸೆಕ್ಷನ್ನು, ಯಾರದಾದರೂ ಜೀವಕ್ಕೆ ಅಪಾಯ ತರುವ ಮಾಹಿತಿಯನ್ನು ಕೊಡಬೇಕಾಗಿಲ್ಲವೆನ್ನುತ್ತದೆ. ಕೌಟುಂಬಿಕ ಹಿಂಸೆಯನ್ನು ತಡೆಯುವ 2006ರ ನಿಯಮಗಳು, ಆಶ್ರಯಧಾಮದಲ್ಲಿರುವ ಮಹಿಳೆ ಬಯಸಿದರೆ ಆಕೆಯ ಗುರುತನ್ನು ಬಿಟ್ಟುಕೊಡಬಾರದೆಂದಿವೆ. ಆದರೆ ಇವು ಯಾವುವೂ ಮನೆಗಂದಾಯದ ಪುಸ್ತಕಕ್ಕಾಗಿಯೇ ಹೆಣೆದವಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಬಂದ ಕಾಯಿದೆ ಕೂಡ, ಬೇರೆ ಕಾನೂನಿನ ಪ್ರಕಾರ ಬಹಿರಂಗಪಡಿಸಲೇಬೇಕಾದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದೇ ಕಾಯಿದೆ ಮಾಹಿತಿ ಹಕ್ಕಿನ 8ನೆಯ ಸೆಕ್ಷನ್ನನ್ನು ತಿದ್ದಿ, ವೈಯಕ್ತಿಕ ಮಾಹಿತಿಗೆ ಇನ್ನೂ ವಿಶಾಲವಾದ ವಿನಾಯಿತಿ ಕೊಟ್ಟಿತು. ಈ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂದಾಗ, ಖಾಸಗಿತನದ ನೆಪದಲ್ಲಿ ಅಕ್ರಮಗಳೂ ಮರೆಯಾದಾವು ಎಂದು ಆತಂಕಪಟ್ಟವರುಂಟು. ಆ ಆತಂಕವೂ ನಿರಾಧಾರವಲ್ಲ.

ಹಾಗಾದರೆ ದಾರಿ ಯಾವುದು? ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಹಿಡಿಯುವುದೇ ದಾರಿ. ‘ಈ ಸ್ವತ್ತು ಯಾರದು? ಇದಕ್ಕೆ ಎಷ್ಟು ಕಂದಾಯ?’ ಎಂಬುದು ಒಂದು ಪ್ರಶ್ನೆ. ‘ಇಂಥ ವ್ಯಕ್ತಿ ಎಲ್ಲಿ ವಾಸವಾಗಿದ್ದಾನೆ?’ ಎಂಬುದು ಇನ್ನೊಂದು. ಮೊದಲನೆಯದು ಊರಿಗೆ ಸೇರಿದ್ದು. ಎರಡನೆಯದು ಆ ವ್ಯಕ್ತಿಗೆ ಸೇರಿದ್ದು. ಸ್ವತ್ತಿನ ಸಂಖ್ಯೆಯನ್ನು ಕೊಟ್ಟು ಹುಡುಕುವವನಿಗೆ ಮೊದಲನೆಯದಕ್ಕೆ ಉತ್ತರ ಸಿಗಲಿ. ಬರಿಯ ಹೆಸರನ್ನು ಕೊಟ್ಟು ಹುಡುಕುವವನು ಕಚೇರಿಗೆ ಕಾರಣ ತಿಳಿಸಲಿ. ಅವನು ಯಾರೆಂಬುದೂ ದಾಖಲಾಗಲಿ.

ಖಾಲಿ ನಿವೇಶನಕ್ಕೋ ಅಂಗಡಿಗೋ ಈ ವಿಂಗಡಣೆ ಸುಲಭ. ಒಡೆಯನ ವಾಸದ ವಿಳಾಸವನ್ನು ಮರೆಮಾಡಿದರೂ ಸಾರ್ವಜನಿಕರಿಗೆ ನಷ್ಟವಿಲ್ಲ. ವಾಸದ ಮನೆಯ ವಿಷಯ ಕಷ್ಟವಾದದ್ದು, ಏಕೆಂದರೆ ಅಲ್ಲಿ ಸ್ವತ್ತೇ ವಿಳಾಸ. ಆದಕಾರಣ ಜೀವಭಯವಿರುವವರು ಅರ್ಜಿ ಕೊಟ್ಟರೆ, ಅದನ್ನು ಪರಿಶೀಲಿಸಿ, ಸಾರ್ವಜನಿಕ ಪ್ರತಿಯಲ್ಲಿ ಅವರ ಹೆಸರನ್ನೇ ಮರೆಮಾಡಬೇಕು. ನೆರೆಮನೆಯ ಚಕ್ಕುಬಂದಿಯಲ್ಲಿಯೂ ಹಾಗೆಯೇ ಮಾಡಬೇಕು. ಇಲ್ಲವಾದರೆ ಮುಂಬಾಗಿಲಿಗೆ ಅಗಣಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ. ಪೂರ್ಣ ದಾಖಲೆ ಕಚೇರಿಯಲ್ಲಿ ಭದ್ರವಾಗಿದ್ದು ನ್ಯಾಯಾಲಯಕ್ಕೂ ಅಧಿಕಾರಿಗಳಿಗೂ ಸಿಗುತ್ತಿರಲಿ. ಇದರಿಂದ ಕಂದಾಯವೇನೂ ಕಡಮೆಯಾಗದು.

ಪತ್ರವ್ಯವಹಾರಕ್ಕೂ ಉಪಾಯವುಂಟು. ಅಮೆರಿಕದ ವಾಷಿಂಗ್ಟನ್ ಸಂಸ್ಥಾನವು 1991ರಲ್ಲಿ, ಅಪಾಯದಲ್ಲಿರುವವರಿಗೆ ಬದಲಿ ವಿಳಾಸವನ್ನು ಕೊಟ್ಟು ಅವರ ಪತ್ರಗಳನ್ನು ತಾನೇ ತಲಪಿಸುವ ಏರ್ಪಾಟು ಮಾಡಿತು. ನಮ್ಮಲ್ಲಿಯೂ 2013ರಲ್ಲಿ ಕಲ್ಕತ್ತ ಉಚ್ಚ ನ್ಯಾಯಾಲಯವು, ಮಾಹಿತಿ ಹಕ್ಕಿನ ಅರ್ಜಿದಾರರು ಮನೆಯ ವಿಳಾಸವನ್ನು ಬರೆಯಬೇಕಾಗಿಲ್ಲ, ಅಂಚೆಪೆಟ್ಟಿಗೆಯ ಸಂಖ್ಯೆ ಸಾಕು ಎಂದಿತು. ಅರ್ಜಿದಾರರಿಗೆ ಸಾಧ್ಯವಾದದ್ದು ಕಂದಾಯ ಕಟ್ಟುವವರಿಗೂ ಸಾಧ್ಯವಾಗಬಾರದೇಕೆ?

ಈ ವಿಚಾರದಲ್ಲಿ ವಿದ್ಯಾರ್ಥಿಗಳಿಗೂ ಕರ್ತವ್ಯವಿದೆ. ನಿಮ್ಮ ಮನೆಯ ಕಂದಾಯದ ರಸೀತಿಯನ್ನು ಹಿರಿಯರಿಂದ ಕೇಳಿ ಪಡೆದು ಓದಿರಿ. ಅದರಲ್ಲಿ ಹೆಸರು, ಅಳತೆ, ಹಣ ಸರಿಯಾಗಿವೆಯೆ ನೋಡಿರಿ. ಅದು ಊರಿನ ಪುಸ್ತಕವನ್ನು ಪರಿಶೀಲಿಸುವ ನಿಮ್ಮ ಹಕ್ಕು. ಆದರೆ ಅದೇ ರಸೀತಿಯ ಚಿತ್ರವನ್ನು ಕಂಡಕಂಡವರಿಗೆ ಕಳುಹಿಸಬೇಡಿರಿ. ಇನ್ನೊಬ್ಬರ ಮನೆಯ ಗುರುತನ್ನು ಅಪರಿಚಿತರಿಗೆ ಹೇಳುವ ಮುನ್ನ, ಹಿಂದಿನ ಚಾವಡಿಯಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ನೀವೂ ಕೇಳಿರಿ. ಊರಿನ ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು. ಆ ಲೆಕ್ಕಕ್ಕೆ ಹಣ ಕೊಟ್ಟವರು ತಮ್ಮ ಮನೆಯಲ್ಲಿ ನೆಮ್ಮದಿಯಿಂದ ನಿದ್ರಿಸುವಂತೆಯೂ ಇರಬೇಕು.